ಅಜ್ಜನ ಹೆಸರಿನ ಟೊಪ್ಪಿ

ಅನಿಷಾ ನೇರಳೆ ಬೆಳಕಿನ ಟಾರ್ಚ್ ಹಿಡಿದಾಗ ಸೈನಿಕ ಟೊಪ್ಪಿಯ ಹೊಲಿಗೆ ಬೆಳ್ಳಗೆ ಹೊಳೆಯಿತು. ಹಳೆಯ ಸೇನಾ ಟೊಪ್ಪಿಗಳನ್ನು ಪರೀಕ್ಷಿಸುವ ಅವಳಿಗೆ ಅಷ್ಟೇ ಸಾಕಾಯಿತು. "ಇದು ಮಹಾಯುದ್ಧದ ಕಾಲದ್ದಲ್ಲ ಮಾವ. ಆಗಿನ ನೂಲು ಈ ಬೆಳಕಿಗೆ ಹೀಗೆ ಹೊಳೆಯುವುದಿಲ್ಲ, ಈಗಿನದ್ದು ಮಾತ್ರ."

ಸೋದರಮಾವ ಪ್ರಭಾಚಂದ್ರ ಬಾಗಿಲ ಕಡೆ ನೋಡಿದರು. ಮೂಡುಬಿದಿರೆಯ ಈ ಹಳೆಯ ಸೇನಾ ವಸ್ತುಗಳ ಪ್ರದರ್ಶನಕ್ಕೆ ಅದನ್ನು ತಮ್ಮ ತಂದೆಯದೆಂದು ಕೊಟ್ಟವರು ಅವರೇ. "ಜನ ಬರುವ ಹೊತ್ತಾಯ್ತು ಮಾರಾಯ್ತಿ. ಅಸಲಿ ಅಂತ ಹೇಳಿಬಿಡು. ಮನೆತನದ ಮರ್ಯಾದೆಯ ಪ್ರಶ್ನೆ ಉಂಟು."

"ಅಜ್ಜ ಯುದ್ಧಕ್ಕೆ ಹೋದದ್ದು ಸತ್ಯ. ಅದಕ್ಕೆ ಸುಳ್ಳು ಟೊಪ್ಪಿಯ ಸಾಕ್ಷಿ ಯಾಕೆ? ನಾನು ಹೇಳುವುದಿಲ್ಲ."

ಅವಳು ಟೊಪ್ಪಿಯನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಮಾವನ ಕೈಗಿಟ್ಟಳು. ಜನ ಒಳಬರುತ್ತಿದ್ದಂತೆಯೇ, ಖಾಲಿಯಾದ ಪೆಟ್ಟಿಗೆಯ ಮುಂದೆ ನಿಂತು ದಪ್ಪ ಅಕ್ಷರಗಳಲ್ಲಿ ಹೊಸ ಚೀಟಿ ಬರೆದು ಅಂಟಿಸಿದಳು: "ನಮ್ಮ ಅಜ್ಜ ಯುದ್ಧದಲ್ಲಿದ್ದರು. ಅವರ ಟೊಪ್ಪಿ ನಮ್ಮಲ್ಲಿಲ್ಲ."