ಮಿಕ್ಸಿ ಕೊಟ್ಟ ಸರ್ಟಿಫಿಕೇಟ್

ಆನ್‌ಲೈನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವರ ನಡತೆಗೆ ಅವರವರ ಮನೆಯ ಯಂತ್ರಗಳೇ ಸರ್ಟಿಫಿಕೇಟ್ ಕೊಡಬೇಕು ಅಂತ ನಿಯಮ ಬಂದ ಮೇಲೆ, ದಾವಣಗೆರೆಯ ಸುಲೋಚನಾ ಫ್ರಿಜ್ಜನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಹನ್ನೊಂದು ತಿಂಗಳಿಂದ ಕೆಲಸವಿಲ್ಲದವಳಿಗೆ ಎಂಥ ಬಿಗುಮಾನ?

ಈ ಸಲದ ಆಯುಧಪೂಜೆಗೆ ವಾಷಿಂಗ್ ಮಷಿನ್ನಿಗೆ ಎರಡು ಮಾರು ಚೆಂಡುಹೂವು ಸುತ್ತಿದಳು, ಟಿವಿಗೆ ಕುಂಕುಮ ಇಟ್ಟಳು, ಫ್ರಿಜ್ಜಿಗಂತೂ ಎರಡೆರಡು ಸಲ ಮಂಗಳಾರತಿ ಎತ್ತಿದಳು. ಮಾರನೇ ದಿನವೇ ಪೈಪ್ ಕಾರ್ಖಾನೆಯೊಂದರ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿ ಯಂತ್ರಗಳ ಸರ್ಟಿಫಿಕೇಟಿಗೆ ಕಾಯುತ್ತ ಮೊಬೈಲ್ ಹಿಡಿದು ಕೂತಳು.

"ಬಾಗಿಲು ಮೆತ್ತಗೆ ಹಾಕುತ್ತಾರೆ, ಒಳ್ಳೇ ಮನುಷ್ಯರು" ಅಂತ ಫ್ರಿಜ್ಜು ಬರೆದಿತ್ತು. ಕೊನೆಗೆ ಮಿಕ್ಸಿಯದು ಬಂತು: "ಹದಿನಾಲ್ಕು ವರ್ಷ ಈಕೆಗೆ ಚಟ್ನಿ ರುಬ್ಬಿದ್ದೇನೆ. ನಿನ್ನೆ ಬುಟ್ಟಿಗಟ್ಟಲೆ ಹೂವಿದ್ದರೂ ನನಗೆ ಒಂದು ಎಸಳೂ ಇಡಲಿಲ್ಲ. ಉಪಕಾರ ಸ್ಮರಣೆ ಇಲ್ಲದವಳು."

"ಅಯ್ಯೋ, ಮೂಲೇಲಿತ್ತಲ್ರೀ, ಮರೆತೇಬಿಟ್ಟೆ!" ಅಂತ ಅವಳು ಗಂಡನ ಹತ್ತಿರ ಗೋಳಾಡುವಷ್ಟರಲ್ಲಿ ಕಂಪನಿಯ ಮೆಸೇಜು ಬಂತು.

"ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಮಿಕ್ಸಿಯ ನೇರ ಮಾತು ನಮಗೆ ಹಿಡಿಸಿದೆ. ಹುದ್ದೆಯನ್ನು ಅದಕ್ಕೇ ಕೊಡುವ ಯೋಚನೆಯಿದೆ. ಅದರ ನಡತೆಯ ಬಗ್ಗೆ ಮನೆಯವರಾಗಿ ನೀವು ಸರ್ಟಿಫಿಕೇಟ್ ಕೊಡಿ."

ಸುಲೋಚನಾ ಹಲ್ಲು ಕಡಿಯುತ್ತ ಟೈಪ್ ಮಾಡಿದಳು: "ಕೆಲಸ ಕಮ್ಮಿ, ಸದ್ದು ಜಾಸ್ತಿ. ಎರಡೇ ನಿಮಿಷಕ್ಕೆ ಬಿಸಿಯಾಗುತ್ತೆ. ಬ್ಲೇಡಿನ ಕೆಳಗೆ ಸಿಕ್ಕಿದ್ದನ್ನೆಲ್ಲ ಅರೆದುಹಾಕುತ್ತೆ."

ಕ್ಷಣದಲ್ಲೇ ಉತ್ತರ ಬಂತು.

"ಧನ್ಯವಾದಗಳು. ಇಂಥ ಮ್ಯಾನೇಜರನ್ನೇ ನಾವು ಹುಡುಕುತ್ತಿದ್ದೆವು. ನಾಳೆ ಒಂಬತ್ತು ಗಂಟೆಗೆ ಅವರನ್ನು ಜೋಪಾನವಾಗಿ ಕರೆದುಕೊಂಡು ಬನ್ನಿ."