ಕಪ್ಪು-ಬಿಳುಪಿನ ಹಸಿರು ಹುಲ್ಲು

“ಹುಲ್ಲನ್ನ ಯಾಕಮ್ಮ ಅಳಿಸ್ತಿದ್ದೀಯ?” ಫುಟ್ಬಾಲ್ ಕ್ಲಬ್ಬಿನ ಅಧ್ಯಕ್ಷ ನೆವಿಲ್ ಮತ್ತೆ ಶುರುಹಚ್ಚಿದ.

ಲೋರ್ನಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಶನಿವಾರ ಹಳೆಯ ಆಟಗಾರರ ಊಟ. ಅಷ್ಟರೊಳಗೆ ಫೈನಲ್ ಪಂದ್ಯದ ಹಳೇ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಡಬೇಕಿತ್ತು. ಈ ಮನುಷ್ಯನೋ ಬೆಳಗಿನಿಂದ ಅವಳ ಕುರ್ಚಿಯ ಬೆನ್ನು ಬಿಟ್ಟಿರಲಿಲ್ಲ.

“ನೆವಿಲ್, ಇದು ಕಪ್ಪು-ಬಿಳುಪು ಚಿತ್ರ. ಬಣ್ಣ ಎಲ್ಲಿಂದ ಬರ್ಬೇಕು? ಟೇಪಿಗೆ ಇಳಿಸಿದಾಗ ಸೇರ್ಕೊಂಡ ಕೊಳೆ ಅದು. ನೋಡು, ಗೋಲಿನ ಕಂಬ ನೇರಳೆ. ಇಲ್ಲಿ ಓಡ್ತಿದ್ದೀಯಲ್ಲ, ನಿನ್ನ ಕಿವಿ ಹಸಿರು.”

“ನನ್ನ ಕಿವಿ ಹಾಳಾಗ್ಲಿ. ಚೆಂಡಿನ ಕೆಳಗೆ ಹಸಿರು ಇದೆಯೋ ಇಲ್ವೋ? ಚೆಂಡು ನೆಲಕ್ಕೆ ತಾಗಿ ಹುಲ್ಲು ಎದ್ದಿದೆ. ನಿಮ್ಮಪ್ಪ ಅದಕ್ಕೆ ಮಾರ್ಕ್ ಕೊಟ್ಟ, ಮಹಾನುಭಾವ!”

ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್ಬಾಲ್ ಇವರದು; ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಮಾರ್ಕ್. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಗೋಲಿಗೆ ಒದೆಯಬಹುದು. ಆ ಫೈನಲ್ಲಿನ ಕೊನೆಯ ನಿಮಿಷದಲ್ಲಿ ಪಕ್ಕದೂರಿನ ಹುಡುಗ ಬಗ್ಗಿ ಚೆಂಡು ಹಿಡಿದ. ಈ ಊರಿನವನೇ ಆದ ಅಂಪೈರ್, ಲೋರ್ನಾಳ ಅಪ್ಪ ವಿಲ್ಫ್, ಮಾರ್ಕ್ ಎಂದು ಸೀಟಿ ಊದಿದ. ಹುಡುಗ ಗೋಲು ಹೊಡೆದ, ಟ್ರೋಫಿ ಪಕ್ಕದೂರಿಗೆ ಹೋಯಿತು. ಅಂದಿನಿಂದ ಪ್ರತಿ ವರ್ಷ ಬಿಯರ್ ಹಿಡಿದು ಟೇಪು ನೋಡುವುದು, ಆ ಹಸಿರಿಗೆ ಬೆರಳು ತೋರಿಸಿ ವಿಲ್ಫನನ್ನು ಬೈಯುವುದು ಕ್ಲಬ್ಬಿನ ಸಂಪ್ರದಾಯವೇ ಆಗಿಹೋಗಿತ್ತು. ವಿಲ್ಫ್ ಇಲ್ಲಿನ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಇವತ್ತೂ ಮಗಳನ್ನು ಕರೆತಂದವನು ಹೊರಗೆ ಕಾರಿನಲ್ಲೇ ಕೂತು ಮಾಂಸದ ಪೈ ತಿನ್ನುತ್ತಿದ್ದ. ಅಪ್ಪ ಸಾಯುವ ಮೊದಲು ಒಮ್ಮೆಯಾದರೂ ಈ ಬಾಗಿಲು ದಾಟಲಿ ಎಂಬ ಆಸೆಗೇ ಲೋರ್ನಾ ಈ ಕೆಲಸ ಒಪ್ಪಿಕೊಂಡದ್ದು.

ಇನ್ನು ವಾದ ಸಾಕೆಂದು ಅವಳು ಬಣ್ಣವನ್ನು ಸೊನ್ನೆಗೆ ಇಳಿಸಿಬಿಟ್ಟಳು. ಹಸಿರು, ನೇರಳೆ ಎಲ್ಲ ಮಾಯ. ಚೆಂಡಿನ ಕೆಳಗೆ ಹುಲ್ಲಿರಲಿಲ್ಲ. ಆ ಹುಡುಗನ ಬೆರಳುಗಳಿದ್ದವು.

“ಇನ್ನೊಂದ್ಸಲ ಹಾಕು,” ಎಂದ ನೆವಿಲ್.

ಹಾಕಿದಳು.

“ಇನ್ನೊಂದ್ಸಲ.”

“ಸಾವಿರ ಸಲ ಹಾಕಿದ್ರೂ ಅವೇ ಬೆರಳು ಮಾರಾಯ! ಹೋಗು, ಹೋಗಿ ಅಪ್ಪನಿಗೆ ಹೇಳು.”

ನೆವಿಲ್ ಟೋಪಿ ಇಟ್ಟುಕೊಂಡು ಹೊರಗೆ ನಡೆದ. ಲೋರ್ನಾ ಕಿಟಕಿಗೆ ಬಂದಳು. ಅವನು ಕಾರಿನ ಬಳಿ ಬಗ್ಗಿದ; ಗಾಜು ಕೆಳಗಿಳಿಯಿತು. ಅವಳಿಗೆ ಅಳುವೇ ಬರುವಂತಾಯಿತು.

“ಸರಿ ಕಣೋ ವಿಲ್ಫ್, ಅದು ಮಾರ್ಕೇ,” ನೆವಿಲ್ ಗಂಟಲು ಸರಿಮಾಡಿಕೊಂಡ. “ಆದ್ರೆ ಆಟದ ಮೂರನೇ ಕ್ವಾರ್ಟರಲ್ಲಿ ನಾನು ತಳ್ಳಿದೆ ಅಂತ ಸೀಟಿ ಊದಿದ್ಯಲ್ಲ, ಅದು ಮಾತ್ರ ಶುದ್ಧ ಸುಳ್ಳು.”

“ಏನಂದೆ? ಎರಡೂ ಕೈಯಲ್ಲಿ ತಳ್ಳಿದ್ದೆ ಕಣೋ, ಕಳ್ಳ ನನ್ಮಗನೇ!”

ಕಾರಿನ ಬಾಗಿಲು ದಢಾರನೆ ತೆರೆಯಿತು. ಊರುಗೋಲನ್ನು ಸೀಟಿನ ಮೇಲೇ ಮರೆತು, ಗಡ್ಡಕ್ಕೆ ಮೆತ್ತಿದ ಸಾಸ್ ಕೂಡ ಒರೆಸಿಕೊಳ್ಳದೆ, ವಿಲ್ಫ್ ಕ್ಲಬ್ಬಿನ ಮೆಟ್ಟಿಲು ಹತ್ತಿ ಒಳಗೆ ನುಗ್ಗಿದ.

“ಲೋರ್ನಾ, ಮೂರನೇ ಕ್ವಾರ್ಟರ್ ಹಾಕೇ! ಆ ಬಣ್ಣಗಿಣ್ಣ ಎಲ್ಲ ತೆಗೆದು ಹಾಕು!”