ಕಣದ ಕಂಬದಲ್ಲಿ ಪಿಶಾಚಿ

ಪಿಶಾಚಿಯ ಹಲ್ಲುಗಳ ಮೇಲೆ ಬಿಳಿ ಬಣ್ಣ ಬೆರಳಿಗೆ ತಾಗುವಷ್ಟು ದಪ್ಪವಾಗಿತ್ತು. ದೆವ್ವದ ಕಥೆಗಳ ಚಿತ್ರಪುಸ್ತಕವೊಂದರ ಮುಖಪುಟಕ್ಕೆಂದು ಚಿಕ್ಕಪ್ಪ ಬರೆದ ಚಿತ್ರ ಅದು. ಒದ್ದೆ ಟಾರ್ಪಾಲಿನ ವಾಸನೆ ಬಂದರೆ ಈಗಲೂ ನನಗೆ ಆ ಹಲ್ಲುಗಳೇ ನೆನಪಾಗುತ್ತವೆ.

ಆ ಮಧ್ಯಾಹ್ನ ಕಣದ ತುಂಬ ಕಾಫಿ ಒಣಗುತ್ತಿತ್ತು. ಬೆಳೆ ಚೆನ್ನಾಗಿ ಬಂದ ವರ್ಷ ಕಣದಲ್ಲಿ ದೃಷ್ಟಿಬೊಂಬೆ ನಿಲ್ಲಿಸುವುದು ನಮ್ಮ ಮನೆಯ ರೂಢಿ. ಆ ಸಲ ದೊಡ್ಡಪ್ಪ ಬೊಂಬೆ ಮಾಡಿಸಲಿಲ್ಲ. ಚಿಕ್ಕಪ್ಪನ ಕೋಣೆಯಿಂದ ಚಿತ್ರ ತಂದು ಕಂಬಕ್ಕೆ ಮೊಳೆ ಹೊಡೆದರು.

“ಇವತ್ತಾದ್ರೂ ನಿನ್ನ ಗೀಚಾಟ ಉಪಯೋಗಕ್ಕೆ ಬಂತಲ್ಲ ಮಾರಾಯ,” ಎಂದರು. ಕಾಫಿ ಹರವುತ್ತಿದ್ದ ಹೆಂಗಸರು ನಕ್ಕರು.

“ಅಣ್ಣ, ಅದು ನಾಳೆ ಬಸ್ಸಲ್ಲಿ ಪ್ರೆಸ್ಸಿಗೆ ಹೋಗ್ಬೇಕು. ಇರೋದು ಅದೊಂದೇ. ನಂಗೆ ಸಿಕ್ಕಿದ ಮೊದಲ ಕೆಲ್ಸ.”

“ತೆಗಿ ನೋಡುವ. ಅದನ್ನ ತೆಗೆದವ್ರಿಗೆ ನಾಳೆಯಿಂದ ಈ ಮನೇಲಿ ಊಟ ಇಲ್ಲ.”

ಚಿಕ್ಕಪ್ಪ ಕಂಬದ ಹತ್ತಿರ ಹೋಗಲಿಲ್ಲ.

ಸಂಜೆ ಇಬ್ಬನಿ ಬೀಳುವ ಮೊದಲು ಕಾಫಿಯನ್ನು ಗುಡ್ಡೆ ಮಾಡಿ, ಅಂಚು ಕೂಡ ಕಾಣದಂತೆ ಟಾರ್ಪಾಲು ಹೊದಿಸಿದರು. ಚಿತ್ರಕ್ಕೆ ಯಾರೂ ಏನನ್ನೂ ಹೊದಿಸಲಿಲ್ಲ.

ಬೆಳಿಗ್ಗೆ ನೋಡಿದಾಗ ಬಾಯಿಯ ಕೆಂಪು ಬಣ್ಣ ಕುತ್ತಿಗೆಯವರೆಗೆ ಇಳಿದಿತ್ತು. ಹಲ್ಲುಗಳು ಇರಲಿಲ್ಲ. ನಾನು ಮೊಳೆಗಳನ್ನು ಕಿತ್ತು, ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಚಿಕ್ಕಪ್ಪನ ಮುಚ್ಚಿದ ಬಾಗಿಲಿಗೆ ಒರಗಿಸಿದೆ.

“ಕಡುಬು ಆರಿ ಹೋಗ್ತದೆ, ಬಾರೇ,” ಎಂದು ದೊಡ್ಡಮ್ಮ ಕರೆದರು. ದೊಡ್ಡಪ್ಪ ಆಗಲೇ ತಟ್ಟೆಯ ಮುಂದೆ ಕುಳಿತಿದ್ದರು.

“ಚಿತ್ರ ತೆಗೆದಿದ್ದು ನಾನು,” ಎಂದು ಅವರಿಗೆ ಹೇಳಿ, ಚೀಲ ಹೆಗಲಿಗೇರಿಸಿಕೊಂಡು, ತಿಂಡಿ ಮುಟ್ಟದೆ ಶಾಲೆಗೆ ಹೋದೆ.